ವೇಗ ಸಾಕು, ಎರಡನೇ ದಾರಿ ಬೇಕು

ಕಳೆದ ವರ್ಷ ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿದ್ದವರು ಆ ಮಧ್ಯಾಹ್ನವನ್ನು ಮರೆತಿರಲಾರರು. ಅಂದು ಶುಕ್ರವಾರ. ಜುಮಾ ವಿರಾಮ ಮುಗಿದು ಎಲ್ಲರೂ ಮರಳುವಾಗ ಗಂಟೆ ಎರಡೂಕಾಲು. ಲ್ಯಾಬಿನ ಹೊರಗೆ ಉದ್ದನೆಯ ಸಾಲು. ಎಲ್ಲರ ಕೈಯಲ್ಲೂ ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಪಾಸ್‌ಬುಕ್ಕಿನ ಜೆರಾಕ್ಸ್. ಎರಡೂವರೆಗೆ ಪರದೆಯ ಮೇಲೆ ತಿರುಗಲು ಶುರುವಾದ ಚಕ್ರ ಮತ್ತೆ ನಿಲ್ಲಲೇ ಇಲ್ಲ. ರಸ್ತೆ ಅಗಲ ಮಾಡುವವರು ನಮ್ಮ ಕಾಲೇಜಿನ ತಿರುವಿನಲ್ಲಿ ಮಣ್ಣು ಅಗೆಯುತ್ತಿದ್ದರು. ಯಂತ್ರದ ಹಲ್ಲು ಕೇಬಲ್‌ಗೆ ತಾಗಿತ್ತು.

"ಲ್ಯಾಬಿನದ್ದು ಹೋದರೆ ಹೋಯಿತು, ಆಫೀಸಿನದ್ದು ಇದೆಯಲ್ಲ" ಎಂದು ಸರ್ ಸಮಾಧಾನ ಹೇಳಿದರು. ನಮ್ಮಲ್ಲಿ ಎರಡು ಸಂಪರ್ಕಗಳಿವೆ. ಲ್ಯಾಬಿಗೆ ಒಂದು ಕಂಪನಿಯದ್ದು, ಆಫೀಸಿಗೆ ಇನ್ನೊಂದು ಕಂಪನಿಯದ್ದು. ಇಬ್ಬರು ಓಡಿ ಹೋಗಿ ನೋಡಿ ಬಂದರು. ಆಫೀಸಿನದ್ದೂ ಇಲ್ಲ. ಆಮೇಲೆ ಗೊತ್ತಾದ ವಿಷಯವೇನೆಂದರೆ ಎರಡು ಕಂಪನಿಗಳ ಕೇಬಲ್ಲೂ ಒಂದೇ ಗುಂಡಿಯಲ್ಲಿ ಅಕ್ಕಪಕ್ಕ ಮಲಗಿದ್ದವು. ಬಿಲ್ಲು ಎರಡು, ಹಾದಿ ಒಂದು.

ಕೆಲವರು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಹೇಗೋ ಅರ್ಜಿ ಮುಗಿಸಿದರು. ಕೆಲವರು ಬಸ್ ಹಿಡಿದು ಪೇಟೆಯ ಸೈಬರ್ ಸೆಂಟರ್‌ಗೆ ಹೋದರು. ನನ್ನ ಬೆಂಚಿನ ಗೆಳತಿಯ ಊರಿಗೆ ಐದು ಗಂಟೆಯ ಬಸ್ಸೇ ಕೊನೆಯದು. ಅವಳು ಫೈಲನ್ನು ಎದೆಗೆ ಒತ್ತಿಕೊಂಡು ಮನೆಗೆ ಹೋದಳು. ಈ ವರ್ಷ ಅವಳು ಆ ಹಣವಿಲ್ಲದೆಯೇ ಓದುತ್ತಿದ್ದಾಳೆ. ಅವಳ ಅಣ್ಣ ರಾತ್ರಿ ಪಾಳಿಯ ಕೆಲಸವನ್ನೂ ಸೇರಿಸಿಕೊಂಡಿದ್ದಾನೆ.

ಇಷ್ಟಾದ ಮೇಲೆ ಕಾಲೇಜಿನಲ್ಲಿ ಚರ್ಚೆಯಾಯಿತು. ಹೆಚ್ಚಿನವರು ಹೇಳಿದ್ದು ಒಂದೇ ಮಾತು: "ನೆಟ್ ಸರಿಯಿಲ್ಲ, ದೊಡ್ಡ ಪ್ಲಾನ್ ತೆಗೆದುಕೊಳ್ಳಬೇಕು." ಈಗಿರುವ 100 ಎಂಬಿಪಿಎಸ್ ಬದಲು 300 ಎಂಬಿಪಿಎಸ್ ಮಾಡಿಸುವ ಆಲೋಚನೆ ನಡೆಯುತ್ತಿದೆ ಎಂದು ಕೇಳಿದ್ದೇನೆ. ಈ ಲೇಖನ ಬರೆಯುತ್ತಿರುವುದು ಆ ಆಲೋಚನೆಯನ್ನು ವಿರೋಧಿಸಲು. ಹಿರಿಯರಿಗೆ ಎದುರು ಮಾತನಾಡುವ ಆಸೆಯಿಂದಲ್ಲ. ನಾವು ತರಗತಿಯಲ್ಲಿ ಕಲಿಯುವ ನೆಟ್‌ವರ್ಕ್ ಪಾಠವೇ ಬೇರೆ ಉತ್ತರ ಹೇಳುತ್ತಿದೆ, ಅದಕ್ಕೆ.

ಮೊದಲು ಒಂದು ಸಣ್ಣ ಲೆಕ್ಕ. ಒಂದು ಅರ್ಜಿಗೆ ಐದು ದಾಖಲೆ, ಒಂದೊಂದೂ 200 ಕಿಲೋಬೈಟ್ ಎಂದಿಟ್ಟುಕೊಳ್ಳಿ. ಒಟ್ಟು ಒಂದು ಮೆಗಾಬೈಟ್. ನೂರು ವಿದ್ಯಾರ್ಥಿಗಳ ಅರ್ಜಿ ಸೇರಿದರೆ 100 ಮೆಗಾಬೈಟ್, ಅಂದರೆ 800 ಮೆಗಾಬಿಟ್. ಸೆಕೆಂಡಿಗೆ 5 ಮೆಗಾಬಿಟ್ ಕಳುಹಿಸುವ ಸಾಮಾನ್ಯ ಲಿಂಕಿನಲ್ಲಿ ಇದಕ್ಕೆ 160 ಸೆಕೆಂಡ್ ಸಾಕು. ಮೂರು ನಿಮಿಷವೂ ಬೇಡ. ಮೂವತ್ತು ವರ್ಷಗಳ ಹಿಂದೆ ಕಂಪನಿಗಳು ಬಾಡಿಗೆಗೆ ಪಡೆಯುತ್ತಿದ್ದ 64 ಕೆಬಿಪಿಎಸ್ ಲೈನಿನಲ್ಲಿ ಕೂಡ ಒಂದು ಅರ್ಜಿ ಎರಡು ನಿಮಿಷದಲ್ಲಿ ಹೋಗುತ್ತದೆ. ಅಂದು ನಮಗೆ ಕೊರತೆಯಾದದ್ದು ವೇಗವಲ್ಲ. ಕಡಿದ ಕೇಬಲಿನಲ್ಲಿ 100 ಆದರೂ ಅಷ್ಟೇ, 300 ಆದರೂ ಅಷ್ಟೇ, ಸಿಗುವುದು ಸೊನ್ನೆ.

ಈಗ ಪಾಠಕ್ಕೆ ಬರೋಣ. ರೂಟರ್ ಎಂದರೆ ಏನು ಎಂದು ಕೇಳಿದರೆ ನಾವೆಲ್ಲ "ಎರಡು ಬೇರೆ ಬೇರೆ ನೆಟ್‌ವರ್ಕ್‌ಗಳನ್ನು ಜೋಡಿಸುವ ಸಾಧನ" ಎಂದು ಬರೆದು ಅಂಕ ಪಡೆಯುತ್ತೇವೆ. ತಪ್ಪಲ್ಲ. ಆದರೆ ಅದರ ನಿಜವಾದ ಕೆಲಸ ನಮ್ಮ ಬಸ್ ನಿಲ್ದಾಣದ ಕಂಟ್ರೋಲರ್ ಮಾಡುವಂಥದ್ದು. ಬಂದ ಪ್ರತಿ ಪ್ಯಾಕೆಟ್ಟಿನ ವಿಳಾಸ ನೋಡಿ, ತನ್ನ ಪಟ್ಟಿಯಲ್ಲಿ ಹುಡುಕಿ, "ನೀನು ಈ ಕಡೆ ಹೋಗು" ಎನ್ನುವುದು. ಆ ಪಟ್ಟಿಯನ್ನು ತುಂಬಿಸುವ ಮತ್ತು ದಾರಿ ಕೆಟ್ಟಾಗ ತಿದ್ದುವ ನಿಯಮಗಳಿಗೆ ರೂಟಿಂಗ್ ಪ್ರೋಟೋಕಾಲ್ ಎಂದು ಹೆಸರು.

ಇವುಗಳಲ್ಲಿ ಹಳೆಯದು ಮತ್ತು ಸರಳವಾದದ್ದು ಆರ್‌ಐಪಿ. 1988ರಲ್ಲಿ ಇದರ ನಿಯಮಗಳು ಬರವಣಿಗೆಗೆ ಬಂದವು. ಇದರ ರೀತಿ ಪಕ್ಕದ ಮನೆಯವರ ಮಾತು ಕೇಳುವ ರೀತಿ. ಪ್ರತಿ 30 ಸೆಕೆಂಡಿಗೊಮ್ಮೆ ರೂಟರ್ ತನ್ನ ನೆರೆಯ ರೂಟರ್‌ಗಳಿಗೆ "ನನ್ನ ಮೂಲಕ ಇಂಥ ಜಾಗಕ್ಕೆ ಇಷ್ಟು ಹೆಜ್ಜೆ" ಎಂದು ಹೇಳುತ್ತದೆ. ನೆರೆಯವರು ಅದಕ್ಕೆ ಒಂದು ಸೇರಿಸಿ ಮುಂದಕ್ಕೆ ಹೇಳುತ್ತಾರೆ. ಈ ಹೆಜ್ಜೆಗೆ ಹಾಪ್ ಎನ್ನುತ್ತಾರೆ. 15 ಹಾಪ್‌ವರೆಗೆ ದಾರಿ ಇದೆ, 16 ಎಂದರೆ ಅನಂತ, ಅಂದರೆ ದಾರಿ ಇಲ್ಲ. ಆರ್‌ಐಪಿ ಹೆಜ್ಜೆಗಳನ್ನು ಮಾತ್ರ ಎಣಿಸುತ್ತದೆ, ರಸ್ತೆಯ ಗುಣವನ್ನು ನೋಡುವುದಿಲ್ಲ. ಒಂದೇ ಹೆಜ್ಜೆಯ 64 ಕೆಬಿಪಿಎಸ್ ಲೈನು ಮತ್ತು ಎರಡು ಹೆಜ್ಜೆಯ 100 ಎಂಬಿಪಿಎಸ್ ಲೈನು ಎದುರಿಗಿದ್ದರೆ ಅದು ಮೊದಲನೆಯದನ್ನೇ ಆರಿಸುತ್ತದೆ.

ಆರ್‌ಐಪಿಯಲ್ಲಿ ಒಂದು ವಿಚಿತ್ರ ತೊಂದರೆಯಿದೆ. ಮೂರು ರೂಟರ್‌ಗಳು ಸಾಲಾಗಿವೆ ಎಂದುಕೊಳ್ಳಿ: ಅ, ಬ, ಕ. ಕ ಎಂಬುದರ ಆಚೆ ಒಂದು ನೆಟ್‌ವರ್ಕ್ ಇದೆ. ಅದು ಕ ರೂಟರಿಗೆ ಒಂದು ಹೆಜ್ಜೆ, ಬ ರೂಟರಿಗೆ ಎರಡು. ಈಗ ಆ ನೆಟ್‌ವರ್ಕಿನ ತಂತಿ ಕಡಿಯಿತು. ಕ ತನ್ನ ದಾರಿಯನ್ನು ಅಳಿಸುತ್ತದೆ. ಅಷ್ಟರಲ್ಲಿ ಬ ಎಂದಿನಂತೆ "ನನ್ನ ಮೂಲಕ ಅಲ್ಲಿಗೆ ಎರಡು ಹೆಜ್ಜೆ" ಎನ್ನುತ್ತದೆ. ಕ ಅದನ್ನು ನಂಬಿ "ಹಾಗಾದರೆ ನನಗೆ ಮೂರು" ಎಂದು ಬರೆದುಕೊಳ್ಳುತ್ತದೆ. ಬ ಅದನ್ನು ಕೇಳಿ "ನನಗೆ ನಾಲ್ಕು" ಎನ್ನುತ್ತದೆ. ಬ ಹೇಳಿದ್ದು ಕ ಮೂಲಕವೇ ಹೋಗುವ ಹಳೆಯ ದಾರಿ ಎಂಬುದು ಇಬ್ಬರಿಗೂ ತಿಳಿಯದು. ಹೀಗೆ ಐದು, ಆರು, ಏಳು ಎಂದು ಹದಿನಾರು ಮುಟ್ಟುವವರೆಗೆ ಇಲ್ಲದ ದಾರಿಯ ಲೆಕ್ಕ ನಡೆಯುತ್ತದೆ. ಇದಕ್ಕೆ ಅನಂತದವರೆಗೆ ಎಣಿಕೆ ಎಂದು ಹೆಸರು. "ಯಾರಿಂದ ಕೇಳಿದೆಯೋ ಅವರಿಗೇ ಅದನ್ನು ಮರಳಿ ಹೇಳಬೇಡ" ಎಂಬ ನಿಯಮ ಸೇರಿಸಿ ಇದನ್ನು ಸಾಕಷ್ಟು ತಡೆದಿದ್ದಾರೆ. ಪೂರ್ತಿಯಾಗಿ ಅಲ್ಲ.

ಇದಕ್ಕಿಂತ ಜಾಣ ಒಎಸ್‌ಪಿಎಫ್. ಇದರಲ್ಲಿ ಪ್ರತಿ ರೂಟರೂ ತನಗೆ ನೇರವಾಗಿ ಜೋಡಿಸಿರುವ ಲಿಂಕುಗಳ ಸ್ಥಿತಿಯನ್ನು ಮಾತ್ರ ಎಲ್ಲರಿಗೂ ತಿಳಿಸುತ್ತದೆ. ಎಲ್ಲರ ಬಳಿಯೂ ಊರಿನ ಪೂರ್ತಿ ನಕ್ಷೆ ಸೇರುತ್ತದೆ. ಆಮೇಲೆ ಪ್ರತಿಯೊಂದೂ ತಾನೇ ಕೂತು ಹತ್ತಿರದ ದಾರಿಯನ್ನು ಲೆಕ್ಕ ಹಾಕುತ್ತದೆ. ಆ ಲೆಕ್ಕದ ವಿಧಾನ ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರದ್ದು. 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಕೆಫೆಯಲ್ಲಿ ಕಾಫಿ ಕುಡಿಯುತ್ತಾ, ಕಾಗದ ಪೆನ್ಸಿಲ್ ಇಲ್ಲದೆ, ಸುಮಾರು ಇಪ್ಪತ್ತು ನಿಮಿಷದಲ್ಲಿ ಅದು ಹೊಳೆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಪ್ರಕಟವಾದದ್ದು 1959ರಲ್ಲಿ. ಒಎಸ್‌ಪಿಎಫ್ ರೂಟರ್‌ಗಳು ಸಾಮಾನ್ಯವಾಗಿ ಹತ್ತು ಸೆಕೆಂಡಿಗೊಮ್ಮೆ ಒಬ್ಬರಿಗೊಬ್ಬರು "ಇದ್ದೀಯಾ" ಎಂದು ಕೇಳುತ್ತವೆ. ನಲವತ್ತು ಸೆಕೆಂಡ್ ಉತ್ತರ ಬಾರದಿದ್ದರೆ ಆ ದಾರಿಯನ್ನು ನಕ್ಷೆಯಿಂದ ತೆಗೆದು ಹೊಸ ಲೆಕ್ಕ ಹಾಕುತ್ತವೆ.

ಮೂರನೆಯದು ಬಿಜಿಪಿ. ಒಂದು ಸಂಸ್ಥೆಯ ಒಳಗಲ್ಲ, ಸಂಸ್ಥೆ ಸಂಸ್ಥೆಗಳ ನಡುವೆ, ದೇಶ ದೇಶಗಳ ನಡುವೆ ದಾರಿ ತಿಳಿಸುವುದು ಇದರ ಕೆಲಸ. 1989ರಲ್ಲಿ ಕರ್ಕ್ ಲಾಹೀಡ್ ಮತ್ತು ಯಾಕೋವ್ ರೆಖ್ಟರ್ ಎಂಬ ಇಬ್ಬರು ಎಂಜಿನಿಯರ್‌ಗಳು ಊಟದ ಹೊತ್ತಿನಲ್ಲಿ ನ್ಯಾಪ್ಕಿನ್ ಮೇಲೆ ಇದರ ಮೊದಲ ರೂಪ ಬರೆದರು. ಇಂದು ಇಡೀ ಜಗತ್ತಿನ ಇಂಟರ್‌ನೆಟ್ ನಿಂತಿರುವುದು ಆ ಪ್ರೋಟೋಕಾಲಿನ ಬೆಳೆದ ರೂಪದ ಮೇಲೆ.

ಈ ಮೂರನ್ನೂ ಇಲ್ಲಿ ವಿವರಿಸಿದ್ದು ಪರೀಕ್ಷೆಗಾಗಿ ಅಲ್ಲ. ಮೂರರಲ್ಲೂ ಸಮಾನವಾದ ಒಂದು ಅಂಶವನ್ನು ತೋರಿಸಲಿಕ್ಕಾಗಿ. ಒಂದು ದಾರಿ ಕೆಟ್ಟರೆ ಇನ್ನೊಂದನ್ನು ಹುಡುಕಿ ಕೊಡುವುದು ಮೂರರ ಮುಖ್ಯ ಕೆಲಸ. ಇನ್ನೊಂದು ದಾರಿ ಇರುವಲ್ಲಿ ಇವು ಸೆಕೆಂಡುಗಳಲ್ಲಿ ಅಥವಾ ಕೆಲವೇ ನಿಮಿಷಗಳಲ್ಲಿ ಅದನ್ನು ಹುಡುಕುತ್ತವೆ. ಇನ್ನೊಂದು ದಾರಿಯೇ ಇಲ್ಲದಿದ್ದರೆ ಡೈಕ್‌ಸ್ಟ್ರಾ ಅವರ ಲೆಕ್ಕವೂ ಸೋಲುತ್ತದೆ, ಆರ್‌ಐಪಿ ಹದಿನಾರರವರೆಗೆ ಎಣಿಸಿ ಸುಮ್ಮನಾಗುತ್ತದೆ. ಬುದ್ಧಿ ಎಷ್ಟೇ ಇದ್ದರೂ ಇಲ್ಲದ ರಸ್ತೆಯಲ್ಲಿ ಬಸ್ ಓಡಿಸಲಾಗದು. ಅಂದು ನಮ್ಮ ಲ್ಯಾಬಿನ ಸ್ಥಿತಿ ಇದೇ.

"ಹಾಗಾದರೆ ಎರಡು ಕಂಪನಿಗಳ ಸಂಪರ್ಕ ಇತ್ತಲ್ಲ" ಎಂದು ನೀವು ಕೇಳಬಹುದು. ಇದೇ ತಪ್ಪನ್ನು ನಮಗಿಂತ ಬಹಳ ದೊಡ್ಡವರೂ ಮಾಡಿದ್ದಾರೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಸಮೀಪ ಸಮುದ್ರದಡಿಯ ಎರಡು ಕೇಬಲ್‌ಗಳು ಹಾಳಾದವು. ಒಂದು ಸೀ-ಮೀ-ವೀ 4, ಇನ್ನೊಂದು ಫ್ಲ್ಯಾಗ್. ಒಡೆಯರು ಬೇರೆ, ಬಿಲ್ಲು ಬೇರೆ. ಆದರೆ ಹಾದಿ ಅಕ್ಕಪಕ್ಕ. ಈಜಿಪ್ಟಿನಿಂದ ಭಾರತದವರೆಗೆ ಅನೇಕ ದೇಶಗಳಲ್ಲಿ ಇಂಟರ್‌ನೆಟ್ ತೆವಳಿತು. ಪೂರ್ವದ ಕಡೆಯಿಂದ, ಅಂದರೆ ಪೆಸಿಫಿಕ್ ಮಹಾಸಾಗರದ ಮೂಲಕ ಹೋಗುವ ದಾರಿಯನ್ನೂ ಇಟ್ಟುಕೊಂಡಿದ್ದವರು ಅತ್ತ ತಿರುಗಿ ಬದುಕಿಕೊಂಡರು. ಅದಕ್ಕೂ ಮುಂಚೆ, 2006ರ ಡಿಸೆಂಬರ್ 26ರಂದು ತೈವಾನಿನ ದಕ್ಷಿಣದಲ್ಲಿ ಭೂಕಂಪವಾದಾಗ ಒಂದೇ ಜಲಸಂಧಿಯಲ್ಲಿ ಹಾದುಹೋಗಿದ್ದ ಹಲವು ಕೇಬಲ್‌ಗಳು ಒಟ್ಟಿಗೆ ತುಂಡಾಗಿದ್ದವು. ಅಲೆಕ್ಸಾಂಡ್ರಿಯಾದ ಸಮುದ್ರವೂ ನಮ್ಮ ಕಾಲೇಜಿನ ತಿರುವಿನ ಗುಂಡಿಯೂ ಕಲಿಸುವ ಪಾಠ ಒಂದೇ. ದಾರಿಗಳನ್ನು ಎಣಿಸುವಾಗ ಕಂಪನಿಗಳನ್ನು ಎಣಿಸಬಾರದು. ಒಂದೇ ಏಟಿಗೆ ಎಷ್ಟು ಸಾಯುತ್ತವೆ ಎಂದು ನೋಡಬೇಕು.

ಹೀಗಾಗಿ ಲಿಂಕಿನ ಬಗೆ ಮುಖ್ಯವಾಗುತ್ತದೆ. ದೂರದ ಊರುಗಳನ್ನು ಜೋಡಿಸುವ ತಂತ್ರಜ್ಞಾನಗಳು ಒಂದೊಂದೂ ಒಂದೊಂದು ರೀತಿ ಸೋಲುತ್ತವೆ, ಬೇರೆ ಬೇರೆ ರೀತಿ ಗೆಲ್ಲುತ್ತವೆ.

ಹಳೆಯ ಕಾಲದ ಲೀಸ್ಡ್ ಲೈನ್ ಎಂದರೆ ಎರಡು ಜಾಗಗಳ ನಡುವೆ ನಮಗೇ ಮೀಸಲಾದ ಒಂದು ತಂತಿ. ಅದರ ವೇಗದ ಅಳತೆ ದೂರವಾಣಿಯಿಂದ ಬಂದದ್ದು. ಮಾತನ್ನು ಸೆಕೆಂಡಿಗೆ 8000 ಸಲ ಅಳೆದು ಪ್ರತಿ ಅಳತೆಯನ್ನು 8 ಬಿಟ್‌ನಲ್ಲಿ ಬರೆದರೆ 64 ಕೆಬಿಪಿಎಸ್. ಅಂಥ 32 ಸೇರಿದರೆ 2.048 ಎಂಬಿಪಿಎಸ್, ಅದೇ ಇ-1 ಲೈನ್. ನಿಧಾನ, ಆದರೆ ಹೇಳಿದಷ್ಟು ವೇಗ ಹೇಳಿದ ಹಾಗೆ ಸಿಗುತ್ತದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅಂಥ ತಂತಿಯನ್ನು ನೆಚ್ಚಲಾಗದೆ ಉಪಗ್ರಹದ ಲಿಂಕ್ ಹಾಕಿಕೊಂಡಿತು. ನಮ್ಮ ರಾಜ್ಯದ ಸಾಫ್ಟ್‌ವೇರ್ ಉದ್ಯಮದ ಕತೆ ಒಂದು ವಾನ್ ಲಿಂಕಿನಿಂದ ಶುರುವಾಯಿತು ಎಂದರೂ ನಡೆಯುತ್ತದೆ. ಸಾಮಾನ್ಯ ಜನರಿಗೆ ವಿಎಸ್‌ಎನ್‌ಎಲ್ ಇಂಟರ್‌ನೆಟ್ ಕೊಟ್ಟದ್ದು ಅದಕ್ಕೂ ಹತ್ತು ವರ್ಷಗಳ ನಂತರ, 1995ರ ಆಗಸ್ಟ್ 15ರಂದು, ಫೋನ್ ತಂತಿಯ ಮೇಲೆ ಡಯಲ್ ಮಾಡುವ ರೀತಿಯಲ್ಲಿ.

ಉಪಗ್ರಹದ ವಿಸ್ಯಾಟ್ ಲಿಂಕಿಗೆ ಅಗೆಯುವ ಯಂತ್ರದ ಭಯವಿಲ್ಲ. ಆದರೆ ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಮೇಲೆ. ಹೋಗಿ ಇಳಿಯಲು 72,000 ಕಿ.ಮೀ., ಬೆಳಕಿನ ವೇಗದಲ್ಲಿಯೂ ಕಾಲು ಸೆಕೆಂಡ್. ಉತ್ತರ ಬರಲು ಇನ್ನೊಂದು ಕಾಲು. ಪ್ರತಿ ಪ್ರಶ್ನೆಗೂ ಅರ್ಧ ಸೆಕೆಂಡ್ ಕಾಯಬೇಕು. ಜೋರು ಮಳೆ ಬಂದರೆ ಸಂಕೇತ ದುರ್ಬಲವಾಗುತ್ತದೆ. ಈಗ ನಮ್ಮ ಮನೆಗಳಿಗೆ ಬರುವ ಫೈಬರ್ ಬಹಳ ವೇಗದ್ದು. ಆದರೆ ಅದರ ರೂಪ ನೋಡಿದರೆ ಪುಸ್ತಕದಲ್ಲಿ ಓದುವ ಟ್ರೀ ಟೋಪಾಲಜಿ. ಎಕ್ಸ್‌ಚೇಂಜಿನಿಂದ ಒಂದು ಕಾಂಡ, ನಡುವೆ ಸ್ಪ್ಲಿಟರ್, ಅಲ್ಲಿಂದ 32 ಅಥವಾ 64 ಕೊಂಬೆ. ಕಾಂಡ ಕಡಿದರೆ ಎಲ್ಲ ಕೊಂಬೆಗಳೂ ಒಣಗುತ್ತವೆ. 4ಜಿ ಮೊಬೈಲ್ ಸಂಪರ್ಕಕ್ಕೆ ನಮ್ಮ ಗೇಟಿನವರೆಗೆ ತಂತಿ ಬೇಡ. ಸಾವಿರ ಜನ ಒಂದೇ ಟವರಿಗೆ ಜೋತುಬಿದ್ದಾಗ ಮಾತ್ರ ಅದು ಸೋಲುತ್ತದೆ.

ಯಾವುದೂ ಪರಿಪೂರ್ಣವಲ್ಲ. ಆದರೆ ಒಂದು ಸೋಲುವ ಕಾರಣಕ್ಕೆ ಇನ್ನೊಂದು ಸೋಲುವುದಿಲ್ಲ. ಆದ್ದರಿಂದ ನನ್ನ ಬೇಡಿಕೆ ಇಷ್ಟೇ. 300 ಎಂಬಿಪಿಎಸ್ ಪ್ಲಾನಿಗೆ ಕೊಡಬೇಕೆಂದಿರುವ ಹೆಚ್ಚುವರಿ ಹಣದಲ್ಲಿ ಮಾಳಿಗೆಯ ಮೇಲೆ ಆಂಟೆನಾ ಇರುವ ಒಂದು 4ಜಿ ರೂಟರ್ ಹಾಕಿಸಿ. ಎರಡು ಸಂಪರ್ಕಗಳನ್ನು ಒಟ್ಟಿಗೆ ನೋಡಿಕೊಳ್ಳುವ ಒಂದು ರೂಟರಿನಲ್ಲಿ ಅದನ್ನು ಎರಡನೆಯ ದಾರಿಯಾಗಿ ಕೂರಿಸಿ. ಫೈಬರ್ ಇರುವವರೆಗೆ ಫೈಬರ್, ಅದು ಹೋದರೆ ತಾನಾಗಿ 4ಜಿ.

ಇಲ್ಲಿ ಎಚ್ಚರಿಕೆ ಬೇಕಾದ ಒಂದು ಸಂಗತಿಯಿದೆ. ಅಂದು ನಮ್ಮ ಲ್ಯಾಬಿನ ಫೈಬರ್ ಪೆಟ್ಟಿಗೆ ಮತ್ತು ರೂಟರ್ ನಡುವಿನ ಪುಟ್ಟ ತಂತಿಗೆ ಏನೂ ಆಗಿರಲಿಲ್ಲ. ಹಸಿರು ದೀಪ ಉರಿಯುತ್ತಲೇ ಇತ್ತು. ಆದ್ದರಿಂದ "ದಾರಿ ಚೆನ್ನಾಗಿದೆ" ಎಂದೇ ರೂಟರ್ ನಂಬಿತ್ತು. ಕಡಿದದ್ದು ಆಚೆ, ಅದಕ್ಕೆ ಕಾಣದ ಜಾಗದಲ್ಲಿ. ಇಂಥ ರೂಟರ್ ಎರಡನೇ ದಾರಿ ಇದ್ದರೂ ಅತ್ತ ತಿರುಗುವುದಿಲ್ಲ. ಬಾಗಿಲಿನ ದೀಪ ನೋಡಿದರೆ ಸಾಲದು, ದೂರದ ಒಂದು ವಿಳಾಸಕ್ಕೆ ಆಗಾಗ ಪಿಂಗ್ ಕಳುಹಿಸಿ ಉತ್ತರ ಬಂತೇ ಎಂದು ಪರೀಕ್ಷಿಸುವ ಹಾಗೆ ಅದನ್ನು ಹೊಂದಿಸಬೇಕು.

ಕೇಳಿದ್ದನ್ನು ಪರೀಕ್ಷಿಸದೆ ನಂಬುವುದರಿಂದ ಎಷ್ಟು ದೊಡ್ಡ ಹಾನಿಯಾಗಬಹುದು ಎಂಬುದಕ್ಕೆ ಬಿಜಿಪಿಯ ಇತಿಹಾಸದಲ್ಲೇ ಉದಾಹರಣೆ ಇದೆ. 2008ರ ಫೆಬ್ರವರಿ 24ರಂದು ಪಾಕಿಸ್ತಾನ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಯೂಟ್ಯೂಬಿನ ವಿಳಾಸಗಳಿಗೆ ಒಂದು ಸುಳ್ಳು ದಾರಿ ಬರೆದುಕೊಂಡಿತು. ಅದು ತಪ್ಪಿ ಹೊರಗಿನ ಜಗತ್ತಿಗೂ ಸೋರಿತು. ಅದು ಹೆಚ್ಚು ನಿರ್ದಿಷ್ಟವಾದ ವಿಳಾಸವಾದ್ದರಿಂದ ನಿಯಮದಂತೆ ಉಳಿದ ರೂಟರ್‌ಗಳು ಅದನ್ನೇ ಆರಿಸಿದವು. ಜಗತ್ತಿನ ಬಹುಭಾಗದಲ್ಲಿ ಸುಮಾರು ಎರಡು ಗಂಟೆ ಯೂಟ್ಯೂಬ್ ಸಿಗಲಿಲ್ಲ. ಒಬ್ಬರು ಕಳುಹಿಸಿದ ತಪ್ಪು ಸಂದೇಶವನ್ನು ಪರಿಶೀಲಿಸದೆ ಎಲ್ಲರೂ ಮುಂದಕ್ಕೆ ಕಳುಹಿಸಿದ್ದೇ ಕಾರಣ. ನಮ್ಮ ವಾಟ್ಸಾಪ್ ಗುಂಪುಗಳನ್ನು ನೆನಪಿಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಈಗ ಯಾರ ವಿಳಾಸವನ್ನು ಯಾರು ಘೋಷಿಸಬಹುದು ಎಂದು ಸಹಿ ಮಾಡಿದ ದಾಖಲೆಯಿಂದ ಪರೀಕ್ಷಿಸುವ ಆರ್‌ಪಿಕೆಐ ಎಂಬ ವ್ಯವಸ್ಥೆ ನಿಧಾನವಾಗಿ ಹರಡುತ್ತಿದೆ.

ಇನ್ನೊಂದು ಪಾಠವನ್ನು 2021ರ ಅಕ್ಟೋಬರ್ 4 ಕಲಿಸಿದೆ. ಅಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ನಿಂತವು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ ಕಂಪನಿಯ ಒಳಗಿನ ಮುಖ್ಯ ಜಾಲವೇ ಕುಸಿಯಿತು. ಡೇಟಾ ಸೆಂಟರ್ ತಲುಪಲಾಗದ ಅದರ ಡಿಎನ್‌ಎಸ್ ಸರ್ವರ್‌ಗಳು ತಮ್ಮ ಬಿಜಿಪಿ ಘೋಷಣೆಗಳನ್ನು ಹಿಂತೆಗೆದುಕೊಂಡವು. ರಿಪೇರಿಗೆ ಬೇಕಾದ ಸಾಧನಗಳೂ ಅದೇ ಜಾಲವನ್ನು ಅವಲಂಬಿಸಿದ್ದರಿಂದ ಎಂಜಿನಿಯರ್‌ಗಳು ಖುದ್ದಾಗಿ ಡೇಟಾ ಸೆಂಟರಿಗೆ ಹೋಗಬೇಕಾಯಿತು. ನಮ್ಮಲ್ಲೂ ಆದದ್ದು ಇದೇ, ಸಣ್ಣ ಅಳತೆಯಲ್ಲಿ. ದೂರು ಕೊಡಲು ಗ್ರಾಹಕ ಸಂಖ್ಯೆ ಬೇಕು ಎಂದರು. ಅದು ಇಮೇಲ್‌ನಲ್ಲಿತ್ತು. ಇಮೇಲ್ ತೆರೆಯಲು ನೆಟ್ ಬೇಕು. ಅದನ್ನು ಹುಡುಕುವುದರಲ್ಲೇ ಮುಕ್ಕಾಲು ಗಂಟೆ ಹೋಯಿತು.

ನನ್ನ ಮಾತಿಗೆ ಎದುರಾಗಿ ಬರಬಹುದಾದ ಪ್ರಶ್ನೆಗಳನ್ನೂ ಯೋಚಿಸಿದ್ದೇನೆ.

"ಎಲ್ಲರ ಬಳಿಯೂ ಮೊಬೈಲ್ ಇದೆ, ಕಾಲೇಜು ಯಾಕೆ ಖರ್ಚು ಮಾಡಬೇಕು?" ಎಲ್ಲರ ಬಳಿಯೂ ಇಲ್ಲ. ಮನೆಯಲ್ಲಿ ಒಂದೇ ಫೋನ್, ಅದು ಹಗಲು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ ಎನ್ನುವವರು ನಮ್ಮ ತರಗತಿಯಲ್ಲೇ ಇದ್ದಾರೆ. ಕಾಲೇಜಿನ ಲ್ಯಾಬ್ ಇರುವುದು ಮುಖ್ಯವಾಗಿ ಅವರಿಗಾಗಿ. ಫೋನ್ ಇದ್ದವರು ಅಂದು ಹೇಗೋ ದಾಟಿಕೊಂಡರು. ದಾಟಲಾಗದೆ ಉಳಿದವರು ಇವರೇ.

"ವರ್ಷಕ್ಕೆ ಒಂದೆರಡು ದಿನ ಹೋಗುತ್ತದೆ, ಅದಕ್ಕೆ ಇಷ್ಟೆಲ್ಲ ಬೇಕೇ?" ಅರ್ಜಿಗೂ ವರ್ಷಕ್ಕೆ ಒಂದೇ ಕೊನೆಯ ದಿನ ಇರುವುದು. ಅಗ್ನಿಶಾಮಕ ಸಿಲಿಂಡರನ್ನೂ ನಾವು ದಿನಾ ಬಳಸುವುದಿಲ್ಲ. ಆದರೂ ಗೋಡೆಗೆ ಹಾಕಿದ್ದೇವೆ.

"ಕೊನೆಯ ದಿನದವರೆಗೆ ಕಾದದ್ದು ನಿಮ್ಮ ತಪ್ಪಲ್ಲವೇ?" ಇದು ಪ್ರಾಮಾಣಿಕವಾದ ಪ್ರಶ್ನೆ. ಹೌದು, ನಮ್ಮಲ್ಲಿ ಹಲವರದ್ದು ತಪ್ಪೇ. ನಾನೂ ಅಂದು ಸಾಲಿನಲ್ಲಿದ್ದೆ, ಸುಮ್ಮನೆ ಮುಂದೂಡಿ. ಆದರೆ ನನ್ನ ಗೆಳತಿ ಕಾದದ್ದು ಸೋಮಾರಿತನದಿಂದಲ್ಲ. ಅವಳ ಆದಾಯ ಪ್ರಮಾಣಪತ್ರ ಕೈಗೆ ಬಂದದ್ದೇ ಹಿಂದಿನ ಸಂಜೆ. ಕಷ್ಟದಲ್ಲಿರುವವರಿಗೆ ಕಾಗದಗಳು ಯಾವಾಗಲೂ ಕೊನೆಗೇ ಬರುತ್ತವೆ. ನಾನು ಬೇಜವಾಬ್ದಾರಿಯಿಂದ ತಡ ಮಾಡಿಯೂ ಫೋನಿನಿಂದ ಪಾರಾದೆ. ಅವಳು ಯಾವ ತಪ್ಪೂ ಮಾಡದೆ ಸೋತಳು. ಆ ಲೆಕ್ಕ ಇಂದಿಗೂ ನನಗೆ ಸರಿಹೊಂದಿಲ್ಲ.

ಹಾಗಾದರೆ ಏನು ಮಾಡಬಹುದು? ಒಂದು, ಕಾಲೇಜಿಗೆ ಬರುವ ಎರಡೂ ಕೇಬಲ್‌ಗಳ ಹಾದಿಯನ್ನು ಗೇಟಿನಿಂದ ಕಂಬದವರೆಗೆ, ಸಾಧ್ಯವಾದರೆ ಎಕ್ಸ್‌ಚೇಂಜಿನವರೆಗೆ ನಡೆದು ನೋಡಿ ನಕ್ಷೆ ಬರೆಯೋಣ. ಇದಕ್ಕೆ ಹಣ ಬೇಡ. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಒಂದು ಶನಿವಾರ ಮಾಡಬಹುದು. ಎರಡು, ತಂತಿ ಇಲ್ಲದ ಒಂದು ಸಂಪರ್ಕವನ್ನು ಎರಡನೇ ದಾರಿಯಾಗಿ ಸೇರಿಸೋಣ. ಮೂರು, ಲ್ಯಾಬಿನ ಯುಪಿಎಸ್‌ಗೆ ಕಂಪ್ಯೂಟರ್ ಮಾತ್ರವಲ್ಲ, ರೂಟರ್ ಮತ್ತು ಫೈಬರ್ ಪೆಟ್ಟಿಗೆಯನ್ನೂ ಜೋಡಿಸೋಣ. ಕರೆಂಟ್ ಹೋದಾಗ ಕಂಪ್ಯೂಟರ್ ಉಳಿದು ರೂಟರ್ ಆರಿಹೋದರೆ ಏನು ಪ್ರಯೋಜನ? ನಾಲ್ಕು, ಗ್ರಾಹಕ ಸಂಖ್ಯೆ ಮತ್ತು ದೂರಿನ ಫೋನ್ ನಂಬರುಗಳನ್ನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸೋಣ. ಐದು, ತಿಂಗಳಿಗೊಮ್ಮೆ ತರಗತಿ ಮುಗಿದ ಮೇಲೆ ಬೇಕೆಂದೇ ಮುಖ್ಯ ಕೇಬಲ್ ಕಳಚಿ, ಎರಡನೇ ದಾರಿ ಎಷ್ಟು ಸೆಕೆಂಡಿನಲ್ಲಿ ಎದ್ದು ನಿಲ್ಲುತ್ತದೆ ಎಂದು ಗಡಿಯಾರ ಹಿಡಿದು ನೋಡೋಣ. ಪರೀಕ್ಷಿಸದ ಬದಲಿ ದಾರಿ ಬೇಕಾದ ದಿನವೇ ಕೈಕೊಡುತ್ತದೆ.

ಶಿಕ್ಷಕರಲ್ಲಿ ಒಂದು ವಿನಂತಿಯೂ ಇದೆ. ನೆಟ್‌ವರ್ಕ್ ಅಧ್ಯಾಯವನ್ನು ನಾವು ವ್ಯಾಖ್ಯೆಗಳ ಪಟ್ಟಿಯಾಗಿ ಕಲಿಯುತ್ತಿದ್ದೇವೆ. ಬಸ್, ಸ್ಟಾರ್, ರಿಂಗ್, ಟ್ರೀ, ಮೆಶ್ ಎಂದು ಬಾಯಿಪಾಠ ಹೇಳುತ್ತೇವೆ. "ಮೆಶ್ ದುಬಾರಿ, ಆದರೆ ವಿಶ್ವಾಸಾರ್ಹ" ಎಂಬ ಸಾಲನ್ನು ನಾನು ಎರಡು ಅಂಕಕ್ಕೆ ಬರೆದಿದ್ದೇನೆ. ಅದರ ಅರ್ಥ ಗೊತ್ತಾದದ್ದು ಆ ಶುಕ್ರವಾರ. ಲ್ಯಾಬಿನಲ್ಲಿ ಮೂಲೆಗೆ ಸೇರಿದ ಹಳೆಯ ಕಂಪ್ಯೂಟರ್‌ಗಳಿವೆ. ಲಿನಕ್ಸ್ ಮತ್ತು ಎಫ್‌ಆರ್‌ರೂಟಿಂಗ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಅವೇ ರೂಟರ್‌ಗಳಾಗುತ್ತವೆ. ಮೂರು ಯಂತ್ರಗಳನ್ನು ತ್ರಿಕೋನವಾಗಿ ಜೋಡಿಸಿ ಒಂದು ತಂತಿ ಎಳೆದು ನೋಡಿದರೆ ಒಎಸ್‌ಪಿಎಫ್ ಹೊಸ ದಾರಿ ಹಿಡಿಯುವುದು ಕಣ್ಣೆದುರೇ ಕಾಣುತ್ತದೆ. ಸಾಲಾಗಿ ಜೋಡಿಸಿ ನಡುವಿನದ್ದನ್ನು ಎಳೆದರೆ ಯಾವ ಪ್ರೋಟೋಕಾಲ್ ಹಾಕಿದರೂ ಏನೂ ಆಗುವುದಿಲ್ಲ ಎಂಬುದೂ ಕಾಣುತ್ತದೆ. ಯಂತ್ರ ಸಿಗದಿದ್ದರೆ ಪ್ಯಾಕೆಟ್ ಟ್ರೇಸರ್‌ನಲ್ಲಿ ಚಿತ್ರ ಬರೆದೂ ಮಾಡಬಹುದು. ಒಂದು ಮಧ್ಯಾಹ್ನದ ಕೆಲಸ. ಬಾಯಿಪಾಠಕ್ಕಿಂತ ಹೆಚ್ಚು ದಿನ ನೆನಪಿರುತ್ತದೆ.

ಈ ವರ್ಷದ ಅರ್ಜಿಗಳು ಇನ್ನು ಕೆಲವೇ ವಾರಗಳಲ್ಲಿ ಶುರುವಾಗುತ್ತವೆ. ತಿರುವಿನಲ್ಲಿ ರಸ್ತೆ ಕೆಲಸ ಇನ್ನೂ ಮುಗಿದಿಲ್ಲ. ಹೊಸ ಕೇಬಲನ್ನೂ ಅದೇ ಗುಂಡಿಯಲ್ಲೇ ಹಾಕಿದ್ದಾರೆ, ನಾನು ನೋಡಿ ಬಂದಿದ್ದೇನೆ. ದೊಡ್ಡ ಪ್ಲಾನಿನ ಕಾಗದಕ್ಕೆ ಸಹಿ ಹಾಕುವ ಮೊದಲು ಆಡಳಿತ ಮಂಡಳಿಯವರು ಒಮ್ಮೆ ಅಲ್ಲಿಯವರೆಗೆ ನಡೆದು ಬರಬೇಕೆಂದು ಕೇಳಿಕೊಳ್ಳುತ್ತೇನೆ. ಗೇಟಿನಿಂದ ಐದು ನಿಮಿಷದ ದಾರಿ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ